ಎಲ್ಲಾ ಹಾರ್ಟ್ ಕಾಯಿಲೆಗೂ ಕಾರಣ ಒಂದೇ ಥರ ಕಾಣುತ್ತೆ, ನರ್ಸಿಂಗ್ ಎಕ್ಸಾಮಿಗೆ ಹೇಗೆ ಓದೋದು?

ನಿಮ್ಮ ನೋಟ್ಸಲ್ಲಿ ಪ್ರತಿ ಕಾಯಿಲೆ ಕೆಳಗೂ ಅದೇ ಬಿಪಿ, ಶುಗರ್, ಸಿಗರೇಟು, ಕೊಲೆಸ್ಟ್ರಾಲ್ ಅಂತಿದೆ, ತಲೆಗೆ ಹತ್ತುತ್ತಿಲ್ಲ ಅಂದ್ರಿ. ಅವೆಲ್ಲ ರಿಸ್ಕ್ ಫ್ಯಾಕ್ಟರ್, ಅಂದ್ರೆ ಕಾಯಿಲೆ ಬರೋ ಸಾಧ್ಯತೆ ಹೆಚ್ಚಿಸೋವು. ಮೊದಲು ಏನು ಕೆಟ್ಟಿತು, ರಕ್ತನಾಳನಾ, ವಾಲ್ವಾ, ಹಾರ್ಟಿನ ಮಾಂಸನಾ, ಬಡಿತ ನಡೆಸೋ ಕರೆಂಟಾ ಅಂತ ಕೇಳ್ಕೊಂಡು ಓದಿ. ನಾನು ಹಾಸನದಲ್ಲಿ ಸ್ಟಾಫ್ ನರ್ಸ್, ಇದನ್ನ ಕಲ್ತಿದ್ದು ಒಬ್ಬ ಪೇಷೆಂಟಿಂದ.

ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆ ಹುಡುಗಿ, ಏಳು ತಿಂಗಳ ಬಸುರಿ, ರಾತ್ರಿ ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಎದ್ದು ಕೂತ್ಕೊಂಡೇ ಇರೋಳು. ರಕ್ತ ಕಮ್ಮಿ ಇರ್ಬೇಕು ಅಂದ್ಕೊಂಡ್ವಿ, ಎಕೋ (ಹಾರ್ಟ್ ಸ್ಕ್ಯಾನ್) ಮಾಡಿದ್ರೆ ಮೈಟ್ರಲ್ ಸ್ಟೆನೋಸಿಸ್, ಅಂದ್ರೆ ಹಾರ್ಟಿನ ಎಡಗಡೆ ಎರಡು ಕೋಣೆ ನಡುವಿನ ವಾಲ್ವ್ ಕಿರಿದಾಗಿರೋದು. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಮುಟ್ಟಿಲ್ಲ. ಆಗ ಅವರಮ್ಮ ಹೇಳಿದ್ರು, ಚಿಕ್ಕೋಳಿದ್ದಾಗ ಗಂಟಲು ನೋವು ಬಂದು ವಾಸಿಯಾಗಿ, ಎರಡ್ಮೂರು ವಾರಕ್ಕೆ ಜ್ವರ, ಮಂಡಿ ಊದಿ ಇಳಿದು ಮೊಣಕೈ ಊದ್ತಂತೆ. ಅದೇ ರುಮ್ಯಾಟಿಕ್ ಫೀವರ್. ಗಂಟಲು ನೋವು ತರೋ ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ ದೇಹ ತಯಾರು ಮಾಡಿದ ಆ್ಯಂಟಿಬಾಡಿ ತನ್ನದೇ ವಾಲ್ವನ್ನ ಹೊಡೆಯುತ್ತೆ, ವಾಲ್ವ್ ವರ್ಷಗಟ್ಟಲೆ ದಪ್ಪ ಆಗ್ತಾ ಅಂಟ್ಕೊಳ್ಳುತ್ತೆ, ಬಸುರಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಜಾಸ್ತಿ ಆದಾಗ ಆ ಕಿರಿದಾದ ಬಾಗಿಲಲ್ಲಿ ದಾಟೋಕಾಗದೆ ಶ್ವಾಸಕೋಶಕ್ಕೆ ಒತ್ತುತ್ತೆ. ಅದಕ್ಕೇ ರುಮ್ಯಾಟಿಕ್ ಫೀವರ್ ಬಂದ ಮಕ್ಕಳಿಗೆ ಆ ಸೋಂಕು ಮತ್ತೆ ಬರದ ಹಾಗೆ ಮೂರ್ನಾಲ್ಕು ವಾರಕ್ಕೊಂದ್ಸಲ ಬೆಂಜಥೀನ್ ಪೆನಿಸಿಲಿನ್, ಅದೂ ಎಷ್ಟೋ ವರ್ಷ. ತುಂಬಾ ನೋಯೋ ಇಂಜೆಕ್ಷನ್, ಕೊಯ್ಲಿನ ಟೈಮಲ್ಲಿ ಕೂಲಿ ಬಿಟ್ಟು ಬರೋದೂ ಕಷ್ಟ, ತಪ್ಪಿಸಿಬಿಡ್ತಾರೆ. ಫೋನ್ ಮಾಡಿ ಕರೆಸ್ಬೇಕಾದವರು ನಾವೇ, ಇದನ್ನ ನರ್ಸಿಂಗ್ ಕೇರಲ್ಲಿ ತಪ್ಪದೆ ಬರೀರಿ.

ಹಾರ್ಟ್ ಅಟ್ಯಾಕ್ ರಕ್ತನಾಳದ ಕತೆ. ಬಿಪಿ, ಶುಗರ್, ಹೊಗೆ ಸೇರಿ ನಾಳದ ಒಳಪದರ ಕೆಡಿಸ್ತವೆ, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಒಳಗೆ ಸೇರಿ ಪ್ಲಾಕ್ (ಕೊಬ್ಬಿನ ಗಡ್ಡೆ) ಕಟ್ಟುತ್ತೆ, ಒಂದಿನ ಅದು ಒಡೆದು ಮೇಲೆ ರಕ್ತ ಹೆಪ್ಪುಗಟ್ಟುತ್ತೆ, ಮುಂದಿನ ಮಾಂಸ ಸಾಯುತ್ತೆ. ಹೀಗೆ ಮಾಂಸ ಕಳ್ಕೊಂಡು ಪಂಪ್ ಮಾಡೋ ಶಕ್ತಿ ಸಾಲದಿದ್ರೆ ಹಾರ್ಟ್ ಫೇಲ್ಯೂರ್, ಕರೆಂಟ್ ಕೆಟ್ಟು ಬಡಿತಾನೇ ನಿಂತ್ರೆ ಕಾರ್ಡಿಯಾಕ್ ಅರೆಸ್ಟ್. 2025ರಲ್ಲಿ ನಮ್ಮ ಹಾಸನ ಜಿಲ್ಲೇಲಿ ಹಾರ್ಟ್ ಸಮಸ್ಯೆ ಸಾವುಗಳ ಸುದ್ದಿ ಬಂದಾಗ ಜನ ಈ ಮೂರನ್ನೂ ಹಾರ್ಟ್ ಅಟ್ಯಾಕ್ ಅಂತಲೇ ಕರೆದು ಭಯ ಬಿದ್ದಿದ್ರು, ನೀವು ಪೇಪರಲ್ಲಿ ಕಲಸಬೇಡಿ.

ಇನ್ನೊಂದು, ಹುಟ್ಟಿನಿಂದ ಬರೋ ವಿಎಸ್‌ಡಿ (ಕೆಳಗಿನ ಕೋಣೆಗಳ ನಡುವಿನ ಗೋಡೇಲಿ ತೂತು), ಎಎಸ್‌ಡಿ (ಮೇಲಿನ ಕೋಣೆಗಳ ನಡುವಿನ ಗೋಡೇಲಿ ತೂತು), ಪಿಡಿಎ (ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ ತೆರೆದೇ ಇರೋದು) ಬೇರೆ ಗುಂಪು, ಅಲ್ಲಿ ರಕ್ತ ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ ಅಂತ ಚಿತ್ರ ಬರೆದು ನೋಡಿ, ಸಾಕು.

ಪೋಸ್ಟಿಂಗಿಗೆ ಹೋದಾಗ, ಶುಗರ್ ಇರೋ ಅಜ್ಜಿ ಬೆವರ್ತಾ ಬಂದು "ಏನಿಲ್ಲ ಕಣವ್ವ, ಗ್ಯಾಸ್ಟಿಕ್ಕು" ಅಂದ್ರೆ ನಂಬ್ಬೇಡಿ. ಶುಗರಿಂದ ನರ ಸೋತಿದ್ರೆ ಹಾರ್ಟ್ ಅಟ್ಯಾಕ್ ಆದ್ರೂ ಎದೆನೋವೇ ಗೊತ್ತಾಗದೆ ಇರಬಹುದು. ಹತ್ತು ನಿಮಿಷದೊಳಗೆ ಇಸಿಜಿ ತೆಗೀರಿ, ನಾರ್ಮಲ್ ಬಂದ್ರೂ ಬೆವರು ನಿಲ್ಲದಿದ್ರೆ ಡಾಕ್ಟರಿಗೆ ಹೇಳಿ ಇನ್ನೊಂದ್ಸಲ ತೆಗೀರಿ.