ಮೇಯರ್ ಅವರನ್ನು ಕೆಳಗಿಳಿಸಿದ್ದು ಡೋರಿ ಶಾರಿಯೇ?

ಹಾಲಿವುಡ್‌ನ ಎಂಜಿಎಂ ಸ್ಟುಡಿಯೊದಿಂದ ಅದರ ಮುಖ್ಯಸ್ಥ ಲೂಯಿ ಬಿ. ಮೇಯರ್ ಅವರನ್ನು 1951ರಲ್ಲಿ ಹೊರದಬ್ಬಿದ್ದು ಅಲ್ಲಿನ ನಿರ್ಮಾಣ ಮುಖ್ಯಸ್ಥ ಡೋರಿ ಶಾರಿಯೇ ಎಂದು ಕೇಳಿದ್ದೀರಿ. ಪೂರ್ತಿ ಹಾಗಲ್ಲ. ಜಗಳ ಇಬ್ಬರದು, ಆದರೆ ತೀರ್ಪು ಕೊಟ್ಟವರು ನ್ಯೂಯಾರ್ಕಿನಲ್ಲಿ ಕುಳಿತಿದ್ದ ನಿಕೊಲಸ್ ಶೆಂಕ್. ಎಂಜಿಎಂನ ಮಾತೃಸಂಸ್ಥೆ ಲೋವ್ಸ್‌ನ ಅಧ್ಯಕ್ಷರಾಗಿದ್ದ ಅವರು ಶಾರಿಯ ಪಕ್ಷ ಹಿಡಿದರು.

ಶಾರಿ ಮೂಲತಃ ಬರಹಗಾರ. 'ಬಾಯ್ಸ್ ಟೌನ್' ಚಿತ್ರದ ಕಥೆಗೆ ಆಸ್ಕರ್ ಪಡೆದವರು. ಅವರು ಆರ್‌ಕೆಒ ಎಂಬ ಇನ್ನೊಂದು ಸ್ಟುಡಿಯೊದಲ್ಲಿ ನಿರ್ಮಾಣ ಮುಖ್ಯಸ್ಥರಾಗಿದ್ದಾಗ, 1948ರಲ್ಲಿ ಆ ಸ್ಟುಡಿಯೊವನ್ನು ಕೊಂಡ ಉದ್ಯಮಿ ಹೋವರ್ಡ್ ಹ್ಯೂಸ್, ಶಾರಿಯ ಯುದ್ಧಚಿತ್ರದ ಯೋಜನೆಯನ್ನು ನಿಲ್ಲಿಸಿದರು. ಶಾರಿ ರಾಜೀನಾಮೆ ಕೊಟ್ಟು ಎಂಜಿಎಂ ಸೇರಿ, ಆ ಕಥೆಯನ್ನೂ ಅಲ್ಲಿಗೇ ತರಿಸಿಕೊಂಡರು. ಮೇಯರ್‌ಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೆ 1949ರ ಆ 'ಬ್ಯಾಟಲ್‌ಗ್ರೌಂಡ್' ಭರ್ಜರಿಯಾಗಿ ಗೆದ್ದು, ಎರಡು ಆಸ್ಕರ್‌ಗಳನ್ನೂ ತಂದಿತು. ಸಂಗೀತ, ವೈಭವ, ಕುಟುಂಬದ ಕಥೆಗಳನ್ನು ಮೆಚ್ಚುವ ಮೇಯರ್‌ಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕಿತ್ತೇ?

ಶಾರಿಯನ್ನು ಖಳನಾಯಕನಂತೆ ಚಿತ್ರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಟಿವಿ ಬಂದು ಪ್ರೇಕ್ಷಕರು ಕರಗುತ್ತಿದ್ದ ಕಾಲವದು. 1956ರಲ್ಲಿ ಅವರನ್ನೂ ತೆಗೆದುಹಾಕಲಾಯಿತು. ಎರಡೇ ವರ್ಷಗಳಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕುರಿತ ನಾಟಕ ಬರೆದು ಟೋನಿ ಪ್ರಶಸ್ತಿ ಗೆದ್ದರು.