ಇಬ್ಬರು ಸೇರಿದರೆ ಯುದ್ಧವಿಮಾನ ಅಗ್ಗವಾಗುವುದೇ?

ಪ್ರಶ್ನೆ: ಪಾಕಿಸ್ತಾನ ಮತ್ತು ಚೀನಾ ಕೂಡಿ ರೂಪಿಸಿದ ಜೆಎಫ್-17 ಬಹೂಪಯೋಗಿ ಯುದ್ಧವಿಮಾನ ಅಗ್ಗವೆನ್ನುತ್ತಾರೆ. ಎರಡು ದೇಶಗಳು ಕೈಜೋಡಿಸಿದ ಮಾತ್ರಕ್ಕೆ ಬೆಲೆ ಇಳಿಯುತ್ತದೆಯೇ?
– ಓದುಗರೊಬ್ಬರು, ಸಾಂಬ್ರಾ, ಬೆಳಗಾವಿ

ಉತ್ತರ: ಕೈಜೋಡಿಸಿದ ಮಾತ್ರಕ್ಕೆ ಇಳಿಯುವುದಿಲ್ಲ. 1999ರ ಒಪ್ಪಂದದಂತೆ ಅಭಿವೃದ್ಧಿಯ ವೆಚ್ಚವನ್ನು ಎರಡೂ ದೇಶಗಳು ಹಂಚಿಕೊಂಡದ್ದು ನಿಜವಾದರೂ, ದೊಡ್ಡ ಉಳಿತಾಯವಾದದ್ದು ವಿನ್ಯಾಸದ ಸರಳತೆಯಿಂದ ಎಂಬುದು ನನ್ನ ಅಭಿಪ್ರಾಯ: ಒಂದೇ ಎಂಜಿನ್, ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದ ಒಡಲು, ಮತ್ತು ಹೊಸದಾಗಿ ಕಂಡುಹಿಡಿಯುವ ಗೋಜಿಗೆ ಹೋಗದೆ ರಷ್ಯಾದಿಂದ ಪಡೆದ ಆರ್‌ಡಿ-93 ಎಂಜಿನ್, ಇದು ಮಿಗ್-29ರ ಎಂಜಿನ್ನಿನದೇ ಒಂದು ರೂಪಾಂತರ. ಜೆಟ್ ಎಂಜಿನ್ ತಯಾರಿಕೆ ಎಷ್ಟು ಕಠಿಣವೆಂದರೆ, 2001ರಲ್ಲಿ ಮೊದಲ ಬಾರಿ ಹಾರಿದ ನಮ್ಮ ತೇಜಸ್ ಕೂಡ ಸ್ವದೇಶಿ ಕಾವೇರಿ ಎಂಜಿನ್ ಸಕಾಲಕ್ಕೆ ಸಿದ್ಧವಾಗದ ಕಾರಣ ಅಮೆರಿಕದ ಎಫ್-404 ಎಂಜಿನ್ನನ್ನೇ ನೆಚ್ಚಿಕೊಂಡಿದೆ.

ಪಾಲುದಾರಿಕೆಯಿಂದ ಖರ್ಚು ಏರಿದ್ದೂ ಉಂಟು. ಬ್ರಿಟನ್, ಜರ್ಮನಿ, ಇಟಲಿ ಮತ್ತು ಸ್ಪೇನ್ ಜೊತೆಗೂಡಿ ಯೂರೋಫೈಟರ್ ನಿರ್ಮಿಸಿದಾಗ ನಾಲ್ಕೂ ದೇಶಗಳು ತಮ್ಮ ನೆಲದಲ್ಲೇ ಅಂತಿಮ ಜೋಡಣೆಯ ಘಟಕ ಬೇಕೆಂದು ಪಟ್ಟುಹಿಡಿದವು. ಅಂಥ ಕಡೆ ಉಳಿತಾಯ ಎಲ್ಲಿಂದ ಬರಬೇಕು? ಜೆಎಫ್-17ರ ಪಾಲುದಾರರು ಇಬ್ಬರೇ ಆಗಿದ್ದರಿಂದ ಆ ಜಗ್ಗಾಟ ಕಡಿಮೆ. ಆದರೆ ಎಂಜಿನ್ನಿಗಾಗಿ ಮೂರನೆಯ ದೇಶವೊಂದರ ಒಪ್ಪಿಗೆಯನ್ನು ಅವರು ಅವಲಂಬಿಸಬೇಕಾಯಿತು.