ಮೆಲ್ಬರ್ನಿನ ಹಿತ್ತಲಲ್ಲೂ ಅದೇ ಗೊರವಂಕ

ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿರುವ ನೀವು, ಹಿತ್ತಲಿಗೆ ಬರುವ ಹಕ್ಕಿ ನಮ್ಮೂರ ಗೊರವಂಕವೇ ಅಂತ ಕೇಳಿದ್ದೀರಿ. ಹೌದು, ಅದೇ ಇರಬೇಕು. ಹಾರುವಾಗ ಒಮ್ಮೆ ನೋಡಿ. ಕಂದು ಮೈ, ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ ಕಂಡರೆ ಅನುಮಾನವೇ ಬೇಡ. ಮೈ ಬೂದು ಬಣ್ಣದ್ದಾದರೆ ಅದು ನಾಯ್ಸಿ ಮೈನರ್, ಅಲ್ಲಿನದೇ ಹಕ್ಕಿ. ಅದಕ್ಕೂ ಹಳದಿ ಕೊಕ್ಕು ಇರುವುದರಿಂದ ಸುಮಾರು ಜನ ಮೋಸ ಹೋಗುತ್ತಾರೆ.

ಪಕ್ಕದ ಮನೆಯವರು ಅದನ್ನು ಕಂಡರೆ ಯಾಕೆ ಸಿಡುಕುತ್ತಾರೆ ಅಂತ ಕೇಳಿದ್ದೀರಿ. ಪಾಪ, ಅದು ತಾನಾಗಿ ಹೋದದ್ದಲ್ಲ. 1860ರ ದಶಕದಲ್ಲಿ ತರಕಾರಿ ತೋಟದ ಹುಳ ತಿನ್ನಲಿ ಅಂತ ಜನರೇ ತಂದು ಬಿಟ್ಟರು. ಆಮೇಲೆ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗೂ ಒಯ್ದರು. ಹುಳದ ಜೊತೆ ಹಣ್ಣನ್ನೂ ತಿಂದಿತು ಅನ್ನಿ! ಆದರೆ ನಿಜವಾದ ಜಗಳ ಮರದ ಪೊಟರೆಗೆ. ರೊಸೆಲ್ಲಾದಂಥ ಅಲ್ಲಿನ ಗಿಳಿಗಳೂ ಪೊಟರೆಯಲ್ಲೇ ಮೊಟ್ಟೆ ಇಡುತ್ತವೆ. ಗೊರವಂಕ ಅವನ್ನು ಓಡಿಸಿ ತಾನು ಸೇರಿಕೊಳ್ಳುತ್ತದೆ. 2000ದಲ್ಲಿ ಬಂದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ (ಹೊರಗಿಂದ ಬಂದು ಅಲ್ಲಿನ ಜೀವಿಗಳಿಗೆ ಕುತ್ತಾಗುವಂಥವು) ಪಟ್ಟಿಯಲ್ಲಿ ಇದ್ದದ್ದು ಮೂರೇ ಹಕ್ಕಿ. ಅದರಲ್ಲಿ ಇದೂ ಒಂದು. ಇನ್ನೊಂದು, ಬಾಲದ ಬುಡ ಕೆಂಪಗಿರುವ ನಮ್ಮ ಪಿಕಳಾರ!

ಊರಿನ ನೆನಪಿಗೆ ಅನ್ನ ಹಾಕುತ್ತೇನೆ ಅಂದಿರಲ್ಲ, ಅದನ್ನು ಮಾತ್ರ ನಿಲ್ಲಿಸಿ. ನಾಯಿ ತಟ್ಟೆಯನ್ನೂ ಹೊರಗೆ ಬಿಡಬೇಡಿ. ಅದು ಗೂಡು ಕಟ್ಟದಂತೆ ಸೂರಿನ ಸಂದಿ ಮುಚ್ಚಿ, ಆದರೆ ಮುಚ್ಚುವ ಮುಂಚೆ ಒಳಗೆ ಮರಿ ಇಲ್ಲ ಅಂತ ನೋಡಿಕೊಳ್ಳಿ.